ಅರ್ಧ ಕಿಲೊ ಕಡಿಮೆ

ಹದಿನೇಳೂವರೆ ವರ್ಷಕ್ಕೆ ನನ್ನ ತೂಕ ನಲವತ್ತಾರು ಕಿಲೊ ಇತ್ತು. ಸೈನ್ಯಕ್ಕೆ ಬೇಕಾದದ್ದು ಐವತ್ತು. ನಡುವಿನ ಆ ನಾಲ್ಕು ಕಿಲೊಗಾಗಿ ನಮ್ಮ ಮನೆಯಲ್ಲಿ ಆರು ತಿಂಗಳು ನಡೆದ ಜಗಳವೇ ನಾನು ಜೀವನದಲ್ಲಿ ಕಂಡ ಒಂದೇ ಯುದ್ಧ. ಅದರಲ್ಲಿ ಸೋತವಳು ಅಮ್ಮ. ಅವಳನ್ನು ಸೋಲಿಸಿದ್ದು ನಾನು ಹೇಳಿದ ಒಂದು ಸುಳ್ಳು. ಅದನ್ನು ಇಲ್ಲಿ ಬರೆದಿಡುತ್ತೇನೆ.

ನಾವು ಕಾಸರಗೋಡು ಕಡೆಯ ಕನ್ನಡದವರು. ಅಪ್ಪನಿಗೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕೆಲಸ. ವರ್ಗವಾಗಿ ಕೊಚ್ಚಿಗೆ ಬಂದು, ವೈಟ್ಟಿಲ ಜಂಕ್ಷನ್ನಿನ ಹತ್ತಿರ ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಯಜಮಾನತಿ. ಅವರನ್ನು ನಾವೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಮೇಲೆ ಅಪ್ಪ, ಅಮ್ಮ, ನಾನು. ಅವರಿಬ್ಬರೂ ಕನ್ನಡದಲ್ಲಿ ಕೇಳುವುದು, ನಾನು ಮಲಯಾಳದಲ್ಲಿ ಉತ್ತರಿಸುವುದು, ಹೀಗೆ ನಮ್ಮ ಸಂಸಾರ ಸಾಗುತ್ತಿತ್ತು.

ಎರಡು ಸಾವಿರದ ದಶಕದ ನಡುಭಾಗ. ನಾನು ಪ್ಲಸ್ ಟು ಮುಗಿಸಿದ ವರ್ಷ. ಜೊತೆಯವರಲ್ಲಿ ಅರ್ಧ ಮಂದಿ ಎಂಜಿನಿಯರಿಂಗ್ ಎಂದು ಕಳಮಶ್ಶೇರಿಯ ಬಸ್ಸು ಹತ್ತಿದರು. ಪ್ರವೇಶ ಪರೀಕ್ಷೆಯಲ್ಲಿ ನನಗೆ ಬಂದ ರ‍್ಯಾಂಕು ಎಷ್ಟು ಉದ್ದವಿತ್ತೆಂದರೆ, ಅಪ್ಪ ಅದನ್ನು ನೋಡಿ ‘ಇದು ಯಾರ ಫೋನ್ ನಂಬರು?’ ಎಂದರು. ಆ ಅವಮಾನಕ್ಕೆ ಮದ್ದು ಬೇಕಿತ್ತು. ಒಂದು ಸಂಜೆ ಊಟದ ನಡುವೆ, ಮಿಲಿಟರಿಗೆ ಸೇರುತ್ತೇನೆ ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ನನಗೇ ಬಹಳ ಹಿಡಿಸಿತು.

ಅಮ್ಮ ಸೌಟು ಹಿಡಿದುಕೊಂಡೇ ನಕ್ಕಳು. “ನಮ್ಮವರಲ್ಲಿ ಯಾರು ಮಿಲಿಟ್ರಿಗೆ ಹೋದದ್ದುಂಟು ಮಾರಾಯ? ಜೋರು ಗಾಳಿ ಬಂದ್ರೆ ಹಾರಿ ಹೋಗುವ ಹಾಗಿದ್ದಿ. ಅದಕ್ಕೆ ಬಂದೂಕು ಬೇರೆ.”

ಅಪ್ಪ ನಗಲಿಲ್ಲ. ಇಪ್ಪತ್ತು ವರ್ಷ ಫೈಲುಗಳ ನಡುವೆ ಕೂತ ಮನುಷ್ಯನ ಮುಖದಲ್ಲಿ ನಾನು ಅಂಥ ಹುರುಪನ್ನು ಮೊದಲು ನೋಡಿರಲಿಲ್ಲ. ಮರುದಿನವೇ ಕ್ಯಾನ್ವಾಸ್ ಶೂ ತಂದರು. ವಾರದೊಳಗೆ ನಿವೃತ್ತ ಹವಿಲ್ದಾರರೊಬ್ಬರನ್ನು ಹುಡುಕಿ ಹಿಡಿದರು. ಅವರು ಬೆಳಿಗ್ಗೆ ಐದಕ್ಕೆ ಒಂದು ಶಾಲೆಯ ಮೈದಾನದಲ್ಲಿ ಹತ್ತು ಹನ್ನೆರಡು ಹುಡುಗರನ್ನು ಸೈನ್ಯದ ಭರ್ತಿಗೆ ತಯಾರು ಮಾಡುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಹೇಳಿದ ಮೊದಲ ಮಾತು, “ದಿವಸವುಂ ನಾಲು ಮುಟ್ಟ ತಿನ್ನಣಂ, ಮೋನೇ.” ದಿನಕ್ಕೆ ನಾಲ್ಕು ಮೊಟ್ಟೆ ತಿನ್ನಬೇಕು. ಅಪ್ಪ ತಲೆಯಾಡಿಸಿದರು. ನಾನು ಮನೆಯಲ್ಲಿರುವ ಅಮ್ಮನನ್ನು ನೆನೆದೆ.

ಓಟ ನನಗೆ ಬೇಗ ಒಗ್ಗಿತು. ಮೈಯಲ್ಲಿ ಹೊರುವುದಕ್ಕೆ ಏನೂ ಇರಲಿಲ್ಲವಲ್ಲ. ಬೆಳಗಿನ ಬೈಪಾಸಿನಲ್ಲಿ ಲಾರಿಗಳ ಪಕ್ಕದಲ್ಲೇ ಓಡುತ್ತಿದ್ದೆವು. ಭಾನುವಾರಗಳಲ್ಲಿ ಹವಿಲ್ದಾರರು ನಮ್ಮನ್ನು ಹೊಸ ಸೇತುವೆಗಳ ಮೇಲೆ ವಲ್ಲಾರ್ಪಾಡಂ ದ್ವೀಪದ ತನಕ ಓಡಿಸಿ, ಇಗರ್ಜಿಯ ಮುಂದೆ ನೀರು ಕುಡಿಸಿ, ಮತ್ತೆ ವಾಪಸು ಓಡಿಸುತ್ತಿದ್ದರು. ಒಂದು ಮೈಲಿಯನ್ನು ಆರು ನಿಮಿಷದೊಳಗೆ ಮುಗಿಸುವ ಹೊತ್ತಿಗೆ ‘ಕಡ್ಡಿ ಪೈಲ್ವಾನ’ ಎಂದು ನಗುತ್ತಿದ್ದ ಹುಡುಗರು ನಗುವುದನ್ನು ನಿಲ್ಲಿಸಿದ್ದರು.

ರಂಗರೂಟನ, ಅಂದರೆ ಹೊಸದಾಗಿ ಸೇರಿದ ಸಿಪಾಯಿಯ, ಕಾಲು ಮುರಿಯುವುದಿಲ್ಲ, ಮನಸ್ಸು ಮುರಿಯುತ್ತದೆ ಎಂದು ಹವಿಲ್ದಾರರು ಹೇಳುತ್ತಿದ್ದರು. ಅದಕ್ಕೂ ಅಭ್ಯಾಸ ಇತ್ತು. ಶನಿವಾರ ಒಬ್ಬೊಬ್ಬನನ್ನೇ ನಡುವೆ ನಿಲ್ಲಿಸಿ ಹತ್ತು ನಿಮಿಷ ಹಿಂದಿಯಲ್ಲಿ ಬೈಯುತ್ತಿದ್ದರು. ಕಣ್ಣಲ್ಲಿ ನೀರು ಬಂದವನು ಮೈದಾನದ ಸುತ್ತ ಕಪ್ಪೆಯಂತೆ ಕುಪ್ಪಳಿಸಬೇಕು. ನನ್ನ ಕಣ್ಣು ಒಮ್ಮೆಯೂ ಒದ್ದೆಯಾಗಲಿಲ್ಲ. ‘ಗಟ್ಟಿ ಹುಡುಗ’ ಎಂದು ಅವರು ಬೆನ್ನು ತಟ್ಟಿದರು. ಬೈಗುಳದ ಅರ್ಧ ಹಿಂದಿ ನನಗೆ ತಿಳಿಯುತ್ತಿರಲಿಲ್ಲ ಎಂದು ನಾನು ಹೇಳಲಿಲ್ಲ.

ಮನೆಯಲ್ಲೂ ತರಬೇತಿ ನಡೆಯಿತು. ದಿಂಬಿಲ್ಲದೆ ನೆಲದ ಮೇಲೆ ಮಲಗಿದೆ. ತಣ್ಣೀರಿನ ಸ್ನಾನ ಮಾಡಿದೆ, ಕೊಚ್ಚಿಯಲ್ಲಿ ಅದೇನೂ ಶೌರ್ಯವಲ್ಲ. ತರಬೇತಿ ಕೇಂದ್ರದಲ್ಲಿ ಐದು ನಿಮಿಷಕ್ಕೆ ಊಟ ಮುಗಿಯಬೇಕಂತೆ ಎಂದು, ಅಪ್ಪ ಕೈಗಡಿಯಾರ ನೋಡುತ್ತಿರುವಾಗ ಗಬಗಬನೆ ತಿಂದೆ. “ಅನ್ನ ಎಂತ ಓಡಿ ಹೋಗ್ತದಾ?” ಎಂದು ಅಮ್ಮ ಕೇಳಿದರೆ ಉತ್ತರಿಸುತ್ತಿರಲಿಲ್ಲ. ಮನೆಯ ನೆನಪಾಗಬಾರದು ಎಂದರೆ ಮನೆಯಲ್ಲಿದ್ದಾಗಲೇ ಮಾತು ಕಡಿಮೆ ಮಾಡಬೇಕು ಎಂಬುದು ನನ್ನದೇ ಸಂಶೋಧನೆ. ಒಲೆಯ ಮುಂದಿನ ಪೌರುಷ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದಕ್ಕೆ ನನ್ನಷ್ಟು ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಆದರೆ ತೂಕ ಏರಲಿಲ್ಲ. ನಮ್ಮ ಮನೆಯಲ್ಲಿ ಈರುಳ್ಳಿಗೇ ವಾರಕ್ಕೆ ಎರಡು ದಿನ ರಜೆ. ಮೊಟ್ಟೆ ಎಂಬ ಶಬ್ದವನ್ನೂ ಅಮ್ಮ ಅಡುಗೆಮನೆಯಲ್ಲಿ ಆಡುತ್ತಿರಲಿಲ್ಲ, ‘ಅದು’ ಎನ್ನುತ್ತಿದ್ದಳು. “ಅದು ಒಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಕೇಳು, ಮಾಡಿ ಹಾಕ್ತೇನೆ,” ಎಂದಳು. ಹಾಗೇ ಮಾಡಿದಳು. ನೆನೆಸಿದ ಕಡಲೆ, ಬೇಯಿಸಿದ ಹುರುಳಿ, ತುಪ್ಪದಲ್ಲಿ ಬಾಡಿಸಿದ ನೇಂದ್ರ ಬಾಳೆಹಣ್ಣು, ಲೋಟ ಲೋಟ ಹಾಲು. ಭಾನುವಾರದ ಓಟ ಮುಗಿಸಿ ಬಂದರೆ ಅಪ್ಪ ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಬಣ್ಣದ ಬಲ್ಬುಗಳು ತಿರುಗುವ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ನಾಣ್ಯ ಹಾಕಿದರೆ ಒಂದು ಪುಟ್ಟ ರಟ್ಟಿನ ಚೀಟಿ ಬೀಳುತ್ತಿತ್ತು. ನಲವತ್ತಾರು. ನಲವತ್ತಾರು. ನಲವತ್ತಾರೂವರೆ. ಎರಡು ತಿಂಗಳು ಹೀಗೇ ಹೋಯಿತು.

ಒಂದು ದಿನ ನನಗೆ ಸಿಟ್ಟು ನೆತ್ತಿಗೇರಿತು. ಊಟ ಬಿಟ್ಟೆ. ತೂಕ ಹೆಚ್ಚಿಸಲು ಉಪವಾಸ ಕೂತ ಮೊದಲ ಮನುಷ್ಯ ನಾನೇ ಇರಬೇಕು. ಅಮ್ಮ ತಟ್ಟೆ ಹಿಡಿದು ಬಂದಾಗ, ಅವಳಿಗೆ ಸರಿಯಾಗಿ ನಾಟಲಿ ಎಂದು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದೆ. “ನಿನ್ನ ಮಡಿ ನನ್ನ ಜೀವನಕ್ಕಿಂತ ದೊಡ್ಡದಾ?”

ಅವಳು ತಟ್ಟೆ ಅಲ್ಲೇ ಇಟ್ಟು ಹೋದಳು. ಮರುದಿನ ಬೆಳಿಗ್ಗೆ ಅಪ್ಪನ ಕೈಗೆ ಚೀಲ ಕೊಟ್ಟು, “ಅದು ಒಂದು ಡಜನ್ ತನ್ನಿ. ಒಂದು ಸಣ್ಣ ಪಾತ್ರೆ ಸಹ,” ಎಂದಳು. ಗೆದ್ದೆ ಎಂದು ನಾನು ಬೀಗಿದೆ. ಅವಳ ಮುಖವನ್ನು ನೋಡಿದ ನೆನಪೇ ನನಗಿಲ್ಲ.

ಹಿಂದಿನ ಬಾಲ್ಕನಿಯಲ್ಲಿ ಸೀಮೆಎಣ್ಣೆ ಸ್ಟೌ ಇಟ್ಟು, ಹೊಸ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಮ್ಮ ಜೀವನದಲ್ಲಿ ಮೊದಲ ಬಾರಿಗೆ ಮೊಟ್ಟೆ ಬೇಯಿಸಿದಳು. ಹುರುಳಿಯ ಲೆಕ್ಕದಲ್ಲಿ ಮುಕ್ಕಾಲು ಗಂಟೆ ಬೇಯಿಸಿದಳು. ಮೊಟ್ಟೆಗಳು ಒಡೆದು ನೊರೆ ಬಂದು ಸ್ಟೌ ಆರಿತು. ವಾಸನೆಗೆ ಚೇಚಿ ಮೇಲೆ ಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಇತ್ರ ನೇರಂ ವೇಂಡ, ಪತ್ತು ಮಿನಿಟ್ ಮದಿ!” ಇಷ್ಟು ಹೊತ್ತು ಬೇಡ, ಹತ್ತು ನಿಮಿಷ ಸಾಕು. ಅಮ್ಮನೂ ನಕ್ಕಳು. ಆಮೇಲೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮೂಗು ತಿರುಗಿಸಿ, ಒಂದೊಂದಾಗಿ ಸುಲಿದು ನನ್ನ ತಟ್ಟೆಗೆ ಹಾಕಿದಳು. ತಿಂಗಳು ಕಳೆಯುವಷ್ಟರಲ್ಲಿ ಚೀಲ ಬಿಟ್ಟು ಬರಿಗೈಯಲ್ಲೇ ಸುಲಿಯುತ್ತಿದ್ದಳು. ಆದರೆ ಪ್ರತಿ ದಿನ ಅದು ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡೇ ಒಳಗಿನ ಅಡುಗೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಒಂದು ಸ್ನಾನ, ಮೊಟ್ಟೆಯ ನಂತರ ಇನ್ನೊಂದು. ಆ ಮಳೆಗಾಲವಿಡೀ ಅವಳ ಕೂದಲು ಒಣಗಲಿಲ್ಲ, ನೆಗಡಿಯೂ ಬಿಡಲಿಲ್ಲ. ಸಿಪ್ಪೆಯನ್ನು ಕರಿಬೇವಿನ ಕುಂಡದಲ್ಲಿ ಹೂಳುತ್ತಿದ್ದಳು. ಆ ಗಿಡ ಮಾತ್ರ ಭರ್ಜರಿಯಾಗಿ ಬೆಳೆಯಿತು.

ನಾನೂ ಬೆಳೆದೆ. ನಲವತ್ತೆಂಟು, ನಲವತ್ತೊಂಬತ್ತು, ನಲವತ್ತೊಂಬತ್ತೂವರೆ. ಭರ್ತಿಗೆ ಎರಡು ವಾರವಿದೆ ಎನ್ನುವಾಗ ಅಮ್ಮ ತೂಕ ನೋಡುವುದನ್ನು ನಿಲ್ಲಿಸಿಬಿಟ್ಟಳು. “ಇನ್ನು ತೂಗ್ಬೇಡಿ. ಮಕ್ಕಳನ್ನು ಹಾಗೆ ತೂಗಿ ತೂಗಿ ನೋಡಿದ್ರೆ ದೃಷ್ಟಿ ಆಗ್ತದೆ.” ಅಪ್ಪ ಒಪ್ಪಿದರು. ಹಾಗಾಗಿ ಹೊರಡುವ ದಿನ ನನ್ನ ತೂಕ ಎಷ್ಟೆಂದು ಮೂವರಿಗೂ ಗೊತ್ತಿರಲಿಲ್ಲ.

ಭರ್ತಿ ಇದ್ದದ್ದು ತಿರುವನಂತಪುರದಲ್ಲಿ. ಅಪ್ಪ ರಜೆ ಹಾಕಿ ಜೊತೆಗೆ ಬಂದರು. ಹಿಂದಿನ ಸಂಜೆಯೇ ಹೋಗಿ ತಂಬಾನೂರಿನ ಲಾಡ್ಜೊಂದರಲ್ಲಿ ಉಳಿದೆವು. ಅಮ್ಮ ಎಂಟು ಮೊಟ್ಟೆ ಬೇಯಿಸಿ, ನನಗೆ ಅಲ್ಲಿ ಕಷ್ಟವಾಗಬಾರದೆಂದು ಸುಲಿದು, ಉಪ್ಪು ಮೆಣಸಿನ ಪುಡಿ ಸವರಿ, ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿಕೊಟ್ಟಿದ್ದಳು. ಬೆಳಗಿನ ಜಾವ ಮೈದಾನದ ಗೇಟಿನಲ್ಲಿ ತಂದೆತಾಯಿಯರನ್ನೆಲ್ಲ ತಡೆದರು. ಅಪ್ಪ ನನ್ನ ಕಾಲರು ಸರಿಮಾಡಿ, “ನೀನು ಓಡುದು ಮಾತ್ರ ನೋಡು. ಉಳಿದದ್ದು ತನ್ನಷ್ಟಕ್ಕೆ ಆಗ್ತದೆ,” ಎಂದರು.

ಒಳಗೆ ಸಾವಿರಾರು ಹುಡುಗರು. ಎತ್ತರ ನೋಡುವ ಕಂಬದಡಿ ದಾಟಿದೆ. ಅಂಗಿ ಬಿಚ್ಚಿಸಿ ಎದೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಂಬರು ಬರೆದರು. ಸಾಲಾಗಿ ನೆಲದ ಮೇಲೆ ಕೂರಿಸಿದರು. ನನ್ನ ತಂಡಕ್ಕಿಂತ ಮೊದಲಿನವರು ಓಡಿದರು. ಅದರಲ್ಲಿ ಗೆದ್ದವರನ್ನು ಬೇರೆ ಮಾಡಿ ಒಂದು ಮರದಡಿಗೆ ಕರೆದುಕೊಂಡು ಹೋದರು. ಇನ್ನೂ ಏದುಸಿರು ಬಿಡುತ್ತಿದ್ದವರ ಮೇಲೆ ಒಬ್ಬ ಸಿಪಾಯಿ ಕೂಗತೊಡಗಿದ. ಕೂರು ಎಂದರೆ ಕೂತರು, ಏಳು ಎಂದರೆ ಎದ್ದರು. ಅವರಲ್ಲೊಬ್ಬ ನನ್ನ ಹಾಗೇ ನರಪೇತಲ. ಅವನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ಬೈಗುಳವೂ ಅವನಿಗೆ ಹಬ್ಬದೂಟದಂತೆ ಕಾಣುತ್ತಿತ್ತು.

ನನಗೆ ಹೆದರಿಕೆಯಾಯಿತು. ಸೋಲುತ್ತೇನೆಂಬ ಹೆದರಿಕೆಯಲ್ಲ ಅದು. ಒಂದು ಮೈಲಿ ಓಡುತ್ತೇನೆ, ಗೊತ್ತಿತ್ತು. ಗೆದ್ದುಬಿಟ್ಟರೆ ಏನು ಮಾಡಲಿ ಎಂಬ ಹೆದರಿಕೆ. ಆರು ತಿಂಗಳಲ್ಲಿ ಒಂದು ದಿನವಾದರೂ ಓಟದ ಮರುದಿನದ ಬಗ್ಗೆ ನಾನು ಯೋಚಿಸಿರಲಿಲ್ಲ. ಆ ಹುಡುಗನಿಗೆ ಅದು ಬೇಕಿತ್ತು. ನನಗೆ ಬೇಕಿದ್ದದ್ದು ‘ಮಿಲಿಟರಿಗೆ ಹೋಗುವ ಹುಡುಗ’ ಎಂದು ಬೀದಿಯಲ್ಲಿ ಅನ್ನಿಸಿಕೊಳ್ಳುವುದು ಮಾತ್ರ, ಅದು ಆಗಲೇ ಸಿಕ್ಕಿತ್ತು. ಹೊಟ್ಟೆನೋವು ಎಂದೆ. ಸಿಪಾಯಿ ಬೆತ್ತದಿಂದ ಪಕ್ಕದ ಗೇಟು ತೋರಿಸಿದ. ಎತ್ತರ ಸಾಲದೆ ಹೊರಬೀಳುತ್ತಿದ್ದವರ ಜೊತೆ ನಾನೂ ಹೊರಬಿದ್ದೆ. ಯಾರೂ ತಡೆಯಲಿಲ್ಲ.

ಆಗಿನ್ನೂ ಬಿಸಿಲು ಬಂದಿರಲಿಲ್ಲ. ಅಪ್ಪ ಮುಂದಿನ ಗೇಟಿನಲ್ಲಿದ್ದರು. ಎಲ್ಲ ಪರೀಕ್ಷೆ ಮುಗಿಯುವಾಗ ಮಧ್ಯಾಹ್ನವಾಗುತ್ತದೆಂದು ಅವರಿಗೆ ಗೊತ್ತಿತ್ತು. ಅಷ್ಟು ಹೊತ್ತು ನಾನು ಎಲ್ಲಾದರೂ ಕಳೆಯಬೇಕಿತ್ತು. ಹಿಂಬದಿಯ ಗೋಡೆಗೊರಗಿ ಕೂತು ಬಾಳೆಎಲೆಯ ಕಟ್ಟು ಬಿಚ್ಚಿದೆ. ಹಸಿವಿರಲಿಲ್ಲ. ಹೊತ್ತು ಹೋಗಲೆಂದು, ಅಮ್ಮ ಸುಲಿದುಕೊಟ್ಟ ಎಂಟು ಮೊಟ್ಟೆಗಳನ್ನೂ ಒಂದೊಂದಾಗಿ ತಿಂದೆ. ಒಂದೊಂದನ್ನೂ ನಿಧಾನವಾಗಿ ಅಗಿದೆ. ಆ ದಿನ ಐದು ನಿಮಿಷದ ಊಟದ ಅಭ್ಯಾಸ ಬೇಕಾಗಲಿಲ್ಲ.

ತಿನ್ನುತ್ತಾ ಒಂದು ಕಾರಣ ಹುಡುಕಿದೆ. ಓಟದಲ್ಲಿ ಸೋತೆ ಎಂದರೆ ನನಗೇ ಅವಮಾನ. ಎದೆಯ ಅಳತೆ ಎಂದರೆ ಹವಿಲ್ದಾರರಿಗೆ ಕೆಟ್ಟ ಹೆಸರು. ತೂಕ ಎನ್ನೋಣ, ತೂಕಕ್ಕೆ ಯಾರೂ ಹೊಣೆಯಲ್ಲ ಎಂದುಕೊಂಡೆ. ನಮ್ಮ ಮನೆಯಲ್ಲಿ ನನ್ನ ತೂಕಕ್ಕೆ ಹೊಣೆಯಾದವಳು ಒಬ್ಬಳಿದ್ದಾಳೆಂಬುದು ಹೊಳೆಯಲೇ ಇಲ್ಲ. ಹೊಳೆದಿದ್ದರೆ ಹಾಗೆ ಹೇಳುತ್ತಿರಲಿಲ್ಲ ಎನ್ನಲು ಇವತ್ತಿಗೂ ನನಗೆ ಧೈರ್ಯವಿಲ್ಲ.

“ಅರ್ಧ ಕಿಲೊ ಕಡಿಮೆ ಬಂತು,” ಎಂದೆ ಅಪ್ಪನಿಗೆ. ಎದೆಯ ಮೇಲಿನ ನಂಬರು ಬೆವರಿಗೆ ಕದಡಿ ಅಂಗಿಗೆ ಹತ್ತಿತ್ತು. ಅವರು ಅದನ್ನೇ ಸ್ವಲ್ಪ ಹೊತ್ತು ನೋಡಿ, “ಅರ್ಧ ಕಿಲೊಗಾ?” ಎಂದರು.

ಸ್ಟೇಷನ್ನಿನಲ್ಲಿ ತೂಕದ ಯಂತ್ರ ಕಂಡಾಗ ಅವರ ಕಾಲು ತಾನಾಗಿ ಅತ್ತ ತಿರುಗಿತು. “ಒಮ್ಮೆ ನೋಡುವ, ಅವರ ಯಂತ್ರವೇ ಸರಿ ಇಲ್ಲದಿದ್ರೆ?” ಎಂದರು. ಬೇಡವೆಂದರೂ ಕೇಳಲಿಲ್ಲ. ಹತ್ತಿ ನಿಂತೆ. ಬಲ್ಬುಗಳು ತಿರುಗಿ ಚೀಟಿ ಬಿತ್ತು. ಅಪ್ಪ ಬಗ್ಗುವ ಮೊದಲು ನಾನೇ ತೆಗೆದುಕೊಂಡೆ. ಐವತ್ತೊಂದೂವರೆ. ಅದರಲ್ಲಿ ಬೆಳಿಗ್ಗೆ ತಿಂದ ಎಂಟು ಮೊಟ್ಟೆಯನ್ನು ಕಳೆದರೂ ಐವತ್ತೊಂದಕ್ಕೆ ಮೋಸವಿಲ್ಲ. ಅಪ್ಪನ ಕನ್ನಡಕ ಚೀಲದಲ್ಲಿತ್ತು. “ನಲವತ್ತೊಂಬತ್ತೂವರೆ,” ಎಂದು ಓದಿ ಹೇಳಿ ಜೇಬಿಗೆ ಹಾಕಿಕೊಂಡೆ. ಕೊಲ್ಲಂ ದಾಟಿದ ಮೇಲೆ, ಅಪ್ಪ ತೂಕಡಿಸುತ್ತಿದ್ದಾಗ, ಕಿಟಕಿಯಿಂದ ಹಿನ್ನೀರಿಗೆ ಎಸೆದೆ.

ಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಪ್ಪ ಚಪ್ಪಲಿ ಬಿಡುತ್ತಾ ವಿಷಯ ಹೇಳಿದರು. ಜಗಳದ ದನಿಯಲ್ಲಲ್ಲ, ದಣಿದ ದನಿಯಲ್ಲಿ, “ನೀನು ಆ ಎರಡು ತಿಂಗಳು ಹಟ ಮಾಡದೇ ಇದ್ದಿದ್ರೆ ಆಗ್ತಿತ್ತು ಮಾರಾಯ್ತಿ,” ಎಂದರು. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನನ್ನನ್ನು ನೋಡಿದಳು. “ನಾನೇ ಅಲ್ವಾ?” ಎಂದಳು. ಆಗ ಬಾಯಿ ಬಿಡಬೇಕಿತ್ತು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ.

ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎನ್ನುತ್ತಾರೆ. ನನ್ನ ಮಾತು ಮನೆಯನ್ನು ಕೆಡಿಸಲಿಲ್ಲ, ಅದಕ್ಕಿಂತ ಕೆಟ್ಟದಾಯಿತು, ಮನೆಯೊಳಗೆ ಒಂದು ಗಾದೆಯಾಗಿ ಉಳಿಯಿತು. ಅಮ್ಮ ಯಾವುದಕ್ಕಾದರೂ ಬೇಡ ಎಂದರೆ ಅಪ್ಪ, “ಮತ್ತೊಂದು ಅರ್ಧ ಕಿಲೊ ಮಾಡ್ಬೇಡ,” ಎನ್ನುತ್ತಿದ್ದರು. ನಾನು ಬಿ.ಕಾಂ. ಸೇರುವಾಗ ಹೇಳಿದರು, ಬ್ಯಾಂಕಿನ ಕೆಲಸ ಸಿಕ್ಕಾಗ ಹೇಳಿದರು, ನನ್ನ ಮದುವೆಯ ಮಾತಿನಲ್ಲೂ ಹೇಳಿದರು. ನಗುತ್ತಲೇ ಹೇಳುತ್ತಿದ್ದರು. ಅದನ್ನು ಕೇಳಿದೊಡನೆ ಅಮ್ಮ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಊರಿನಿಂದ ಬಂದ ನೆಂಟರಿಗೆ ಅವಳೇ ಹೇಳುವುದನ್ನೂ ಕೇಳಿದ್ದೇನೆ, “ಇವನಿಗೆ ಮಿಲಿಟ್ರಿ ತಪ್ಪಿದ್ದು ನನ್ನಿಂದ.” ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ.

ಹೇಳಲು ನೂರು ಸಂದರ್ಭ ಸಿಕ್ಕಿತು. ವರ್ಷ ಕಳೆದಷ್ಟೂ ಸುಳ್ಳು ಚಿಕ್ಕದಾಗುತ್ತದೆ ಎಂದು ಕಾದೆ. ಅದು ಚಿಕ್ಕದಾಗಲಿಲ್ಲ, ನಾನು ದೊಡ್ಡವನಾದೆ, ಅಷ್ಟೇ. ನಾಲ್ಕು ವರ್ಷದ ಹಿಂದೆ ಅಪ್ಪ ಆಸ್ಪತ್ರೆ ಸೇರಿದಾಗ, ಈಗೇಕೆ ಅವರ ಮನಸ್ಸು ನೋಯಿಸಲಿ ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ನಾಚಿಕೆ. ಮಗನಿಗಾಗಿ ದಿನವೂ ಬೆಳಗಿನ ಐದಕ್ಕೆ ಮೈದಾನದ ಬದಿಯಲ್ಲಿ ಗಡಿಯಾರ ಹಿಡಿದು ನಿಂತ ಮನುಷ್ಯನಿಗೆ, ನಾನು ಓಡಲೇ ಇಲ್ಲ ಎಂದು ಹೇಗೆ ಹೇಳಲಿ? ಅವರು ಹೋದರು.

ಈಗ ನಾವು ತಿರುವನಂತಪುರದಲ್ಲಿದ್ದೇವೆ, ಅಮ್ಮನೂ ಜೊತೆಗಿದ್ದಾಳೆ. ನನ್ನ ಮಗಳಿಗೆ ಎಂಟು ವರ್ಷ, ನನ್ನ ಹಾಗೇ ಕಡ್ಡಿ. ಅಮ್ಮ ತಾನು ಮೊಟ್ಟೆ ತಿನ್ನುವುದಿಲ್ಲ, ಆದರೆ ಮೊಮ್ಮಗಳಿಗೆ ದಿನಕ್ಕೊಂದು ಬೇಯಿಸಿ ಸುಲಿದು ಕೊಡುತ್ತಾಳೆ. ಯಾರೂ ಕೇಳುವ ಮೊದಲೇ, ಒಳಗಿನ ಒಲೆಯಲ್ಲೇ. ಎರಡನೆಯ ಸ್ನಾನ ಯಾವಾಗ ನಿಂತಿತೋ ಗೊತ್ತಿಲ್ಲ. ಮೊನ್ನೆ ಭಾನುವಾರ ಮಗಳು ಬೇಡವೆಂದು ಮುಖ ತಿರುಗಿಸಿದಾಗ ಅಮ್ಮ ಅದೇ ಕಥೆ ತೆಗೆದಳು. “ತಿನ್ನು ಮಗಾ. ನಾನು ಹಟ ಮಾಡಿ ಕೊಡದೇ ಅರ್ಧ ಕಿಲೊಗೆ ನಿನ್ನ ಅಪ್ಪನಿಗೆ ಮಿಲಿಟ್ರಿ ಹೋಯ್ತು.”

“ಆಣೋ ಅಪ್ಪಾ?” ಎಂದಳು ಮಗಳು. ಹೌದಾ ಎಂದು.

ಅವಳು ಕೇಳಿದ ರೀತಿಗೋ ಏನೋ, ಇಪ್ಪತ್ತು ವರ್ಷ ಬಾರದ ಮಾತು ಬಂದುಬಿಟ್ಟಿತು. ಅಲ್ಲ ಎಂದೆ. ಎಲ್ಲವನ್ನೂ ಹೇಳಿದೆ. ಗೇಟು, ಗೋಡೆ, ಎಂಟು ಮೊಟ್ಟೆ, ಹಿನ್ನೀರಿಗೆ ಬಿದ್ದ ಚೀಟಿ. ಅಮ್ಮ ಬೈಯುತ್ತಾಳೆಂದು ಕಾದೆ.

“ಹಾಗಾದ್ರೆ ಎಷ್ಟಿತ್ತು?” ಎಂದಳು.

“ಐವತ್ತೊಂದೂವರೆ.”

“ಐವತ್ತೊಂದೂವರೆ!” ಅವಳ ಮುಖ ಅರಳಿತು. ಮಗಳ ಕಡೆ ತಿರುಗಿ, “ಕೇಳಿದ್ಯಾ? ಹೆಚ್ಚೇ ಇತ್ತಂತೆ. ನಾನು ಹಾಕಿದ್ದು ಸಾಕಾಗಿತ್ತು,” ಎಂದು ನಕ್ಕಳು. ಅಷ್ಟು ಹಗುರವಾಗಿ ಅವಳು ನಕ್ಕದ್ದನ್ನು ಚೇಚಿ ಮೇಲೆ ಬಂದ ದಿನ ಬಿಟ್ಟರೆ ನಾನು ನೋಡಿರಲಿಲ್ಲ. ಇಷ್ಟೇನಾ, ಇಷ್ಟು ಸುಲಭವಿತ್ತಾ ಎಂದು ನನಗೂ ಎದೆಯ ಭಾರ ಇಳಿಯಿತು.

ಆಮೇಲೆ ಅವಳ ನಗು ನಿಂತಿತು. ಅರ್ಧ ಸುಲಿದ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟಳು.

“ಅಪ್ಪನಿಗೆ ಗೊತ್ತಿತ್ತಾ?”

“ಇಲ್ಲ.”

“ಆಸ್ಪತ್ರೆಯಲ್ಲಿ ಕಡೆಗೆ ನಾನು ಅವರ ಕೈ ಹಿಡ್ಕೊಂಡು ಎಲ್ಲದಕ್ಕೂ ತಪ್ಪಾಯ್ತು ಹೇಳಿದ್ದೆ. ಇದನ್ನೂ ಹೇಳಿದ್ದೆ. ಆಯ್ತು ಬಿಡು, ಕ್ಷಮಿಸಿದ್ದೇನೆ ಅಂದ್ರು.” ಅವಳು ನನ್ನನ್ನು ನೋಡಿದಳು. “ಅವರು ಎಂತದ್ದಕ್ಕೆ ಕ್ಷಮಿಸಿದ್ದು ನನ್ನನ್ನು?”